ಹನ್ನೆರಡು ಮೆಗಾಪಿಕ್ಸೆಲ್ ಸಾಕಾಗದ ಒಂದು ಫೋಟೋ

ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾದ ವರ್ಷ, ಸೊಸೈಟಿಯ ಸೆಕ್ರೆಟರಿ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು. ನಾನು ಆಫೀಸಿಗೆ ಓಡುವ ಹೊತ್ತು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ತುರ್ಭೆ. ಒಂದು ಲೋಕಲ್ ತಪ್ಪಿದರೆ ಆಮೇಲಿನದೆಲ್ಲ ತಪ್ಪುತ್ತದೆ. ಆದರೆ ಅವರು ರೇಲಿಂಗಿಗೆ ಒರಗಿ ನಿಂತ ರೀತಿ ನೋಡಿದರೆ ಸುಲಭಕ್ಕೆ ಬಿಡುವ ಹಾಗೆ ಕಾಣಲಿಲ್ಲ.

“ವಹಿನಿ, ಒಂದು ಫೋಟೋ ಬೇಕು,” ಅಂದರು ಮರಾಠಿಯಲ್ಲಿ; ವಹಿನಿ ಎಂದರೆ ಅತ್ತಿಗೆ. “ಬಿಲ್ಡಿಂಗ್ ಪೂರ್ತಿ ಕಾಣಬೇಕು. ಅದರ ಮುಂದೆ ನಾವೆಲ್ಲರೂ. ಆರಡಿ ಅಗಲ ಪ್ರಿಂಟ್ ಹಾಕಿಸಿ ಹೊಸ ಬಿಲ್ಡಿಂಗಿನ ಲಾಬಿಯಲ್ಲಿ ತೂಗುಹಾಕೋಣ.”

“ತೆಗೆಯೋಣ,” ಅಂದೆ.

“ನಿಮ್ಮ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್?”

“ಹನ್ನೆರಡು.”

ಅವರು ಕಿಸೆಯಿಂದ ತಮ್ಮ ಹೊಸ ಫೋನು ತೆಗೆದು, ಮಗುವಿನ ರಿಪೋರ್ಟ್ ಕಾರ್ಡ್ ತೋರಿಸುವ ಹಾಗೆ ನನ್ನ ಮುಂದೆ ಹಿಡಿದರು. “ಇದು ಇನ್ನೂರು. ನೀವು ಇದರಲ್ಲೇ ತೆಗೆದುಬಿಡಿ. ಅಥವಾ ಕ್ಯಾಮೆರಾ ಅಪ್‌ಗ್ರೇಡ್ ಮಾಡಿ.”

ಈ ಮಾತು ನನಗೆ ಹೊಸದಲ್ಲ. ತುರ್ಭೆಯ ಒಂದು ಗೋಡೌನ್ ಕಂಪನಿಯಲ್ಲಿ ಅಕೌಂಟ್ಸ್ ನೋಡುವುದು ನನ್ನ ಕೆಲಸ. ಫೋಟೋ ತೆಗೆಯುವುದು ನನ್ನ ಭಾನುವಾರ. ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದು ಕೆಲಸ ಸಿಕ್ಕ ಮೇಲೆ ನಾನು ನನಗೋಸ್ಕರ ಕೊಂಡ ಮೊದಲ ದೊಡ್ಡ ವಸ್ತು ಆ ಕ್ಯಾಮೆರಾ. ಅದರ ಹಿಡಿಯ ರಬ್ಬರು ನನ್ನ ಹೆಬ್ಬೆರಳಿನ ಆಕಾರಕ್ಕೇ ಸವೆದಿದೆ. ಬಿಲ್ಡಿಂಗಿನವರ ಮನೆಯ ನಾಮಕರಣ, ಮುಂಜಿ, ಗಣಪತಿ ವಿಸರ್ಜನೆ ಎಲ್ಲವನ್ನೂ ಅದರಲ್ಲೇ ತೆಗೆದಿದ್ದೆ. ಎಷ್ಟೋ ಮನೆಗಳ ಶೋಕೇಸಿನಲ್ಲಿ ನಾನು ತೆಗೆದ ಫೋಟೋಗಳಿದ್ದವು. ಅವುಗಳ ಮುಂದೆ ನಿಂತು ಯಾರೂ ಇದು ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿರಲಿಲ್ಲ. ಮುಖ ಚೆನ್ನಾಗಿ ಬಂದಿದೆ ಅಂತಲೇ ಹೇಳುತ್ತಿದ್ದರು.

ಹಾಗಾಗಿ ಗಾಡಿಯಲ್ಲಿ, ಆಫೀಸಿನಲ್ಲಿ, ಯಾರೇ ಹೊಸ ಕ್ಯಾಮೆರಾ ಕೊಳ್ಳುವ ಬಗ್ಗೆ ಕೇಳಿದರೂ ನನ್ನ ಉತ್ತರ ಒಂದೇ ಆಗಿತ್ತು. ಮೊದಲು ಬೆಳಕು ನೋಡಲು ಕಲಿ. ಆಮೇಲೆ ಒಳ್ಳೆಯ ಲೆನ್ಸು. ಮೆಗಾಪಿಕ್ಸೆಲ್ಲು ಕೊನೆಗೆ, ಅದೂ ಯಾಕೆ ಬೇಕು ಎಂದು ಹೇಳಲು ಬಂದರೆ ಮಾತ್ರ.

ನನ್ನ ತಮ್ಮನಿಗೆ ಈ ಉತ್ತರ ಕೇಳಿದರೆ ಮೈ ಉರಿಯುತ್ತಿತ್ತು. ಅವನು ನೆರೂಳದಲ್ಲಿದ್ದಾನೆ, ಐರೋಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹೊಸ ಕ್ಯಾಮೆರಾ ಬಂದಾಗಲೆಲ್ಲ ಹಳೆಯದನ್ನು ಮಾರಿ ಹೊಸದಕ್ಕೆ ಹೋಗುವವನು. ಆಗ ಅವನ ಹತ್ತಿರ ನಲವತ್ತೈದು ಮೆಗಾಪಿಕ್ಸೆಲ್ಲಿನದು ಇತ್ತು. ಅದರಲ್ಲಿ ಅವನು ತೆಗೆಯುತ್ತಿದ್ದದ್ದು ಹೆಚ್ಚಾಗಿ ತನ್ನ ಬಾಲ್ಕನಿಯ ಕುಂಡಗಳನ್ನು.

“ಅಕ್ಕಾ, ಇನ್ನೂ ಎಷ್ಟು ದಿನಾ ಆ ಡಬ್ಬಿ ಹಿಡ್ಕೊಂಡು ಅಡ್ಡಾಡ್ತಿ?” ಎಂದು ಅವನು ಪ್ರತಿ ಹಬ್ಬಕ್ಕೂ ಕೇಳುತ್ತಿದ್ದ.

“ನಿನ್ನ ನಲವತ್ತೈದರಾಗ ಒಂದು ಮನುಷ್ಯಾರ ಮಾರಿ ತೋರ್ಸು, ಆಮೇಲೆ ಮಾತಾಡೋಣ,” ಎಂದು ನಾನು ಪ್ರತಿ ಹಬ್ಬಕ್ಕೂ ಹೇಳುತ್ತಿದ್ದೆ.

ಆ ದಿನ ಠಾಣೆಯಿಂದ ತುರ್ಭೆಗೆ ಹೋಗುವ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಸೆಕ್ರೆಟರಿಯ ಮಾತಿಗೆ ಸಿಟ್ಟು ಬಂದಿದ್ದರೂ ಲೆಕ್ಕ ಹಾಕಲು ಕೂತೆ. ಲೆಕ್ಕ ನನ್ನ ಕಸುಬು. ಚುಕ್ಕಿ ರಂಗೋಲಿ ಹಾಕಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಅಂಗಳದ ಅದೇ ಜಾಗದಲ್ಲಿ ಎಂಟು ಸಾಲು ಎಂಟು ಚುಕ್ಕಿಯ ಬದಲು ಹದಿನಾರು ಸಾಲು ಹದಿನಾರು ಚುಕ್ಕಿ ಇಟ್ಟರೆ ಚುಕ್ಕಿಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಆದರೆ ಗೆರೆ ನವಿರಾಗುವುದು ಎರಡೇ ಪಟ್ಟು. ಕ್ಯಾಮೆರಾದಲ್ಲೂ ಹಾಗೆಯೇ. ನನ್ನ ಹನ್ನೆರಡು ಎಂದರೆ ಅಡ್ಡಕ್ಕೆ ನಾಲ್ಕು ಸಾವಿರ ಚಿಲ್ಲರೆ ಚುಕ್ಕಿ. ತಮ್ಮನ ನಲವತ್ತೈದು ಎಂದರೆ ಎಂಟು ಸಾವಿರ ಚಿಲ್ಲರೆ. ಸಂಖ್ಯೆ ಕೇಳಿದರೆ ಆನೆ ಮತ್ತು ಆಡಿನ ಹಾಗಿದೆ, ಎದುರಿಗೆ ನಿಲ್ಲಿಸಿದರೆ ಅಷ್ಟೇನೂ ಅಲ್ಲ.

ಒಂದು ಮುಖ, ಒಂದು ಕುಟುಂಬ, ಒಂದು ಮದುವೆ ಮಂಟಪ, ಇವಕ್ಕೆಲ್ಲ ನನ್ನ ನಾಲ್ಕು ಸಾವಿರ ಧಾರಾಳವಾಗಿ ಸಾಕು. ಆದರೆ ಈ ಫೋಟೋದಲ್ಲಿ ಬಿಲ್ಡಿಂಗ್ ಪೂರ್ತಿ ಬರಬೇಕು. ಆ ಅಗಲದಲ್ಲಿ ಒಬ್ಬ ಮನುಷ್ಯನ ಮುಖದ ಪಾಲಿಗೆ ಬರುವುದು ಮೂವತ್ತು ಚುಕ್ಕಿಯಷ್ಟೇ. ಅದನ್ನು ಆರಡಿಗೆ ಹಿಗ್ಗಿಸಿದರೆ ಮುಖ ಇದೆ ಎಂದು ಗೊತ್ತಾಗುತ್ತದೆ, ಯಾರ ಮುಖ ಎಂದು ಗೊತ್ತಾಗುವುದಿಲ್ಲ. ಆರಡಿಯ ಚಿತ್ರವನ್ನು ದೂರದಿಂದ ನೋಡುತ್ತಾರಲ್ಲ ಎಂದು ಯಾರಾದರೂ ಹೇಳಬಹುದು. ಜಾಹೀರಾತಿನ ಬೋರ್ಡಿಗೆ ಆ ಮಾತು ಸರಿ. ಗ್ರೂಪ್ ಫೋಟೋವನ್ನು ಯಾರೂ ದೂರದಿಂದ ನೋಡುವುದಿಲ್ಲ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ತಮ್ಮನ್ನು ತಾವು ಹುಡುಕುತ್ತಾರೆ.

ತುರ್ಭೆ ಬರುವಷ್ಟರಲ್ಲಿ ನನಗೆ ಸ್ಪಷ್ಟವಾಗಿತ್ತು. ಈ ಒಂದು ಕೆಲಸಕ್ಕೆ ಹನ್ನೆರಡು ಸಾಲದು. ಫೋನಿನ ಇನ್ನೂರೂ ಆಗದು. ಬೇಕಾದದ್ದು ತಮ್ಮನ ಕ್ಯಾಮೆರಾ.

ಸಂಜೆ ಅವನಿಗೆ ಫೋನ್ ಮಾಡಿದೆ. ಒಂದು ದಿನಕ್ಕೆ ನಿನ್ನ ಕ್ಯಾಮೆರಾ ಬೇಕು ಅಂದೆ.

“ನೀನs ಕೇಳ್ತಿದ್ದೀಯೇನು?” ಅಂದ. “ನಂಬರ್ ನೋಡ್ಕೊಂಡs ಮಾತಾಡ್ತಿದ್ದೀಯಾ?”

“ಬಾಡಿ ನಿಂದು, ಲೆನ್ಸ್ ನಂದು. ನಿನ್ನ ಆ ಉದ್ದನ್ನ ಜೂಮ್ ಮನ್ಯಾಗ ಇಟ್ಟು ಬಾ.”

ಅವನ ಜೂಮು ದೊಡ್ಡದಾಗಿತ್ತು, ಒಳ್ಳೆಯದಾಗಿರಲಿಲ್ಲ. ಅದರ ಅಂಚುಗಳು ಯಾವಾಗಲೂ ಮಸುಕು. ಗಾಜು ಕೊಡದ ವಿವರವನ್ನು ಎಷ್ಟು ಚುಕ್ಕಿ ಇಟ್ಟರೂ ಹಿಡಿಯಲಾಗದು. ನನ್ನ ಹತ್ತಿರ ಜೂಮಿಲ್ಲದ ಒಂದು ಹಳೆಯ ಗಟ್ಟಿ ಲೆನ್ಸಿತ್ತು. ನಡುವೆ ಒಂದು ಅಡಾಪ್ಟರ್ ಹಾಕಿದರೆ ಅವನ ಕ್ಯಾಮೆರಾಕ್ಕೆ ಕೂರುತ್ತಿತ್ತು.

ಇಲ್ಲಿ ಎರಡನೇ ಮಹಡಿಯ ಅಣ್ಣನ ವಿಷಯ ಹೇಳಬೇಕು. ಕುಂದಾಪುರದ ಕಡೆಯವರು. ಸ್ಟೇಷನ್ ಹತ್ತಿರ ಬಹಳ ವರ್ಷ ಒಂದು ಸಣ್ಣ ಕ್ಯಾಂಟೀನ್ ನಡೆಸಿ, ಮಂಡಿ ಕೈಕೊಟ್ಟ ಮೇಲೆ ಬಿಟ್ಟಿದ್ದರು. ನಮ್ಮ ಕಡೆಯಿಂದ ಬಂದು ಹೋಟೆಲ್ ನಡೆಸಿದವರನ್ನೆಲ್ಲ ಇಲ್ಲಿನವರು ‘ಅಣ್ಣಾ’ ಎಂದೇ ಕರೆಯುತ್ತಾರೆ; ಬಿಲ್ಡಿಂಗಿನಲ್ಲಿ ಮರಾಠಿ, ಗುಜರಾತಿ, ಕನ್ನಡ ಎಲ್ಲರಿಗೂ ಅವರು ಅಣ್ಣಾನೇ. ಅವರ ಹೆಂಡತಿ ನನಗೆ ಅಕ್ಕ. ನನ್ನ ಹೆರಿಗೆಯ ಹೊತ್ತಿಗೆ ಊರಿನಿಂದ ಅಮ್ಮ ಬರುವುದು ತಡವಾದಾಗ ದಿನಾ ಗಂಜಿ ತಂದುಕೊಟ್ಟವರು.

ರಿಡೆವಲಪ್‌ಮೆಂಟ್ ಮಾತು ಶುರುವಾದಾಗ ಎಲ್ಲರೂ ಬೇಗ ಸಹಿ ಹಾಕಿದರು, ಅಣ್ಣ ಹಾಕಲಿಲ್ಲ. ಹೊಸ ಬಿಲ್ಡಿಂಗಿನಲ್ಲಿ ತಮಗೆ ಕೆಳಗಿನ ಮಹಡಿಯಲ್ಲೇ ಮನೆ ಬೇಕು, ಅದನ್ನು ಕರಾರಿನಲ್ಲಿ ಬರೆದುಕೊಡಿ ಎಂಬುದು ಅವರ ಹಟ. ಲಿಫ್ಟ್ ಇರುತ್ತದಲ್ಲ ಎಂದರು ಎಲ್ಲರೂ. ಕರೆಂಟು ಹೋದರೆ ಏನು ಮಾಡುವುದು ಎಂದರು ಅಣ್ಣ. ಹೀಗೆಯೇ ತಿಂಗಳುಗಳು ಕಳೆದವು. ಒಂದು ಮೀಟಿಂಗಿನಲ್ಲಿ ಹಿಂದಿನ ಸಾಲಿನಿಂದ ಯಾರೋ ಹೇಳಿದರು, “ಬಾಹೇರಚೆ ಲೋಕ್ ಬಂದು ನಮ್ಮ ಕೆಲಸ ನಿಲ್ಲಿಸಿದ್ದಾರೆ.” ಹೊರಗಿನವರು. ನಲವತ್ತು ವರ್ಷ ಅದೇ ಸ್ಟೇಷನ್ನಿನ ಜನಕ್ಕೆ ಇಡ್ಲಿ ಬಡಿಸಿದವರಿಗೆ ಆ ಮಾತು. “ಯಾರದು ಹೇಳಿದ್ದು?” ಎಂದು ನಾನು ಎದ್ದು ನಿಂತೆ, ನನ್ನ ಗಂಡನೂ ಎದ್ದರು. ಯಾರೂ ಒಪ್ಪಿಕೊಳ್ಳಲಿಲ್ಲ. ಮೈಕು ಸೆಕ್ರೆಟರಿಯ ಕೈಯಲ್ಲಿತ್ತು. ಅವರು ಸುಮ್ಮನಿದ್ದರು.

ಮರುವಾರ ಅಣ್ಣ ಏನನ್ನೂ ಕೇಳದೆ ಸಹಿ ಹಾಕಿದರು. ಆಮೇಲೆ ಮೆಟ್ಟಿಲಲ್ಲಿ ಯಾರು ಸಿಕ್ಕರೂ ಗೋಡೆ ನೋಡಿಕೊಂಡು ಇಳಿಯುತ್ತಿದ್ದರು.

ಫೋಟೋಗೆ ಕರೆಯಲು ನಾನೇ ಹೋದೆ. ಅಣ್ಣ ಆರಾಮಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಪೇಪರ್ ಕೆಳಗಿಳಿಸದೆಯೇ ಹೇಳಿದರು, “ನೀವು ಕರೀಲಿಕ್ಕೆ ಬಂದದ್ದು ಸಂತೋಷ. ಆದರೆ ನಾನು ಬರುದಿಲ್ಲ ಮಾರಾಯ್ರೆ. ಹೊರಗಿನವರು ಫೋಟೋದಲ್ಲಿ ಎಂತಕ್ಕೆ?”

“ಅಣ್ಣಾ, ಯಾರೋ ಒಬ್ಬರು ಹೇಳಿದ್ದಕ್ಕೆ...”

“ಹೇಳಿದವರು ಒಬ್ಬರು. ಕೇಳಿಸಿಕೊಂಡು ಸುಮ್ಮನೆ ಕೂತವರು ಎಷ್ಟು ಜನ, ಅದನ್ನು ಹೇಳಿ.”

ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ‘ಬಿಡು’ ಎನ್ನುವಂತೆ ಕೈ ಮಾಡಿದರು. ನಾನು ಎದ್ದುಬಂದೆ.

ಒಂದು ಭಾನುವಾರ ಬೆಳಿಗ್ಗೆ ಫೋಟೋ. ನಮ್ಮ ಬಿಲ್ಡಿಂಗಿನ ಮುಖ ಪಶ್ಚಿಮಕ್ಕೆ, ಹಾಗಾಗಿ ಬೆಳಗಿನ ಹೊತ್ತು ಅಂಗಳವೆಲ್ಲ ನೆರಳು. ನೆರಳಿನಲ್ಲಿ ಯಾರ ಕಣ್ಣೂ ಕಿರಿದಾಗುವುದಿಲ್ಲ, ಯಾರ ಮೂಗಿನ ಕೆಳಗೂ ಕಪ್ಪು ಬೀಳುವುದಿಲ್ಲ. ಎದುರು ಸೊಸೈಟಿಯ ಮೊದಲ ಮಹಡಿಯ ಗ್ಯಾಲರಿಯಲ್ಲಿ ಟ್ರೈಪಾಡ್ ಊರಿದೆ. ತಮ್ಮ ಅದರ ಪಕ್ಕ ಬಾಡಿಗಾರ್ಡಿನಂತೆ ನಿಂತ.

“ಕೈಯಾಗs ಹಿಡ್ದು ತಗೀಬಹುದಲ್ಲ?” ಅಂದ.

“ನಿನ್ನ ಕ್ಯಾಮೆರಾಕ್ಕs ಟ್ರೈಪಾಡ್ ಹೆಚ್ಚು ಬೇಕು. ಚುಕ್ಕಿ ಸಣ್ಣದಾದಷ್ಟೂ ಕೈ ಅಲುಗಿದ್ದು ಎದ್ದು ಕಾಣ್ತದ.”

ಕೆಳಗೆ ಜಾತ್ರೆ. ಮಕ್ಕಳು ಜಮಖಾನೆಯ ಮೇಲೆ, ವಯಸ್ಸಾದವರು ಕುರ್ಚಿಯಲ್ಲಿ, ಹಿಂದೆ ನಿಂತವರು, ಅವರ ಹಿಂದೆ ಬೆಂಚು ಹತ್ತಿದವರು. ನನ್ನ ಮಗಳು ಮೆಗಾಫೋನ್ ಹಿಡಿದು ಮೂರು ಭಾಷೆಯಲ್ಲಿ ಎಲ್ಲರನ್ನೂ ಗದರುತ್ತಿದ್ದಳು. ನಾನು ಮೇಲಿನಿಂದ ಕನ್ನಡದಲ್ಲಿ “ಬಲಗಡೆಯವರು ಒಳಗೆ ಬರಲಿ” ಎಂದು ಕೂಗಿದರೆ ಅವಳು “ಹೋ, ಸಾಂಗತೇ”, ಹೂಂ ಹೇಳ್ತೀನಿ, ಎಂದು ಮರಾಠಿಯಲ್ಲಿ ಉತ್ತರಿಸಿ, ಹಿಂದಿಯಲ್ಲಿ ಅವರನ್ನು ಸರಿಸುತ್ತಿದ್ದಳು.

ಅಕ್ಕ ಒಬ್ಬರೇ ಇಳಿದು ಬಂದರು. ಹಸಿರು ಸೀರೆ, ಮುಡಿಯಲ್ಲಿ ಅಬ್ಬಲಿಗೆ. ಕುರ್ಚಿಗಳ ಸಾಲಿನಲ್ಲಿ ಕೂತರು. ಪಕ್ಕದ ಕುರ್ಚಿ ಖಾಲಿ ಇತ್ತು. ಸೆಕ್ರೆಟರಿಯ ಹೆಂಡತಿ ಅಲ್ಲಿಗೆ ಸರಿಯಲು ನೋಡಿದಾಗ ಅಕ್ಕ ಆ ಕುರ್ಚಿಯ ಮೇಲೆ ಸುಮ್ಮನೆ ಕೈಯಿಟ್ಟರು, ಅಷ್ಟೇ. ಅವರು ತಮ್ಮ ಜಾಗಕ್ಕೇ ಹೋದರು. ಕುರ್ಚಿ ಖಾಲಿಯೇ ಉಳಿಯಿತು.

ತಮ್ಮನ ಕ್ಯಾಮೆರಾದಲ್ಲಿ ಹಲವು ಬಾರಿ ಕ್ಲಿಕ್ ಮಾಡಿದೆ. ಎಲ್ಲರ ಕಣ್ಣೂ ತೆರೆದಿರುವ ಒಂದಾದರೂ ಸಿಗಬೇಕಲ್ಲ. ಆಮೇಲೆ ಅದೇ ಟ್ರೈಪಾಡಿನ ಮೇಲೆ ನನ್ನ ಹಳೆಯದನ್ನು ಇಟ್ಟು ಕೆಲವು ತೆಗೆದೆ. ನನ್ನ ಲೆಕ್ಕ ಸರಿಯೇ ಎಂದು ನೋಡುವ ಆಸೆ. ಸೆಕ್ರೆಟರಿ ಕೆಳಗಿನಿಂದ ಓಡಿಬಂದು, ತಮ್ಮ ಫೋನಿನಲ್ಲೂ ಒಂದು ತೆಗೆಯಲು ಹೇಳಿ ಮತ್ತೆ ಓಡಿಹೋಗಿ ನಿಂತರು. ತೆಗೆದೆ.

ಆ ವಾರ ಅವರದೇ ಮೆಸೇಜು ಬಂತು. ನೀವು ಕಳಿಸಿದ ಫೋಟೋ ಚಂದ ಬಂದಿದೆ, ಆದರೆ ಹಿಂದೆ ಗ್ಯಾಲರಿಗಳಲ್ಲಿ ಒಣಹಾಕಿದ ಬಟ್ಟೆ, ಟವೆಲ್ಲು, ಚಾಪೆ, ಬಕೆಟ್ಟು ಕಾಣುತ್ತಿವೆ, ಲಾಬಿಯಲ್ಲಿ ಹಾಕುವಾಗ ಸರಿ ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ಎಲ್ಲ ಕ್ಲೀನ್ ಮಾಡಿಬಿಡಿ ಎಂದು. ನನಗೆ ಬಟ್ಟೆಗಳಿದ್ದರೆ ತೊಂದರೆಯಿರಲಿಲ್ಲ. ಬಟ್ಟೆ ಒಣಹಾಕದ ದಿನ ಆ ಬಿಲ್ಡಿಂಗನ್ನು ನಾನು ನೋಡಿಯೇ ಇರಲಿಲ್ಲ. ಆದರೂ ಕಮಿಟಿಯ ಮಾತು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು, ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ, ಮೇಲಿನ ಮಹಡಿಯಿಂದ ಒಂದೊಂದೇ ಕಿಟಕಿ ನೋಡುತ್ತ ಬಂದೆ. ಇದು ಟವೆಲ್ಲು, ಒರೆಸು. ಇದು ಚಾಪೆ, ಒರೆಸು.

ಎರಡನೇ ಮಹಡಿಗೆ ಬಂದಾಗ ಎಡಗಡೆಯ ಕಿಟಕಿಯ ಗ್ರಿಲ್ಲಿನ ಹಿಂದೆ ಒಂದು ಬಿಳಿ ಬಟ್ಟೆಯಿತ್ತು. ಅದರ ಮೇಲೆ ಕರ್ಸರ್ ಒಯ್ದವಳು ಕೈ ಎತ್ತಿದೆ.

ಬಟ್ಟೆಯ ಮೇಲೆ ಒಂದು ಮುಖವಿತ್ತು.

ಅಣ್ಣ. ಬಿಳಿ ಶರ್ಟು, ಕತ್ತಿನವರೆಗೂ ಗುಂಡಿ ಹಾಕಿತ್ತು. ಕೂದಲು ನೀರು ಹಚ್ಚಿ ಬಾಚಿದ್ದು, ಹಣೆಯಲ್ಲಿ ಗಂಧ. ಅವರು ಕೆಳಗಿನ ಜನರನ್ನು ನೋಡುತ್ತಿರಲಿಲ್ಲ. ನೆಟ್ಟಗೆ ನಿಂತು, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು, ಸ್ಟುಡಿಯೋದಲ್ಲಿ ನಿಲ್ಲುವ ಹಾಗೆ ನೇರವಾಗಿ ನನ್ನ ಲೆನ್ಸಿನ ಕಡೆ ನೋಡುತ್ತಿದ್ದರು. ಬೇರೆ ಫ್ರೇಮುಗಳನ್ನು ತೆರೆದೆ. ಎಲ್ಲದರಲ್ಲೂ ಇದ್ದರು, ಕದಲದೆ.

ಎದ್ದು ನೀರು ಕುಡಿದು ಬಂದು, ನನ್ನ ಹಳೆಯ ಕ್ಯಾಮೆರಾದ ಫೋಟೋ ತೆರೆದು ಅದೇ ಕಿಟಕಿಗೆ ಹೋದೆ. ಅಲ್ಲಿ ಒಂದು ಬಿಳಿ ಕಲೆ, ಅದರ ಮೇಲೆ ಒಂದು ಕಂದು ಕಲೆ. ಗ್ರಿಲ್ಲಿನ ಗೆರೆಗಳು ಅಡ್ಡಲಾಗಿ ಹಾದು ಅದೂ ಮಸುಕು. ಅದನ್ನು ನೋಡಿದ ಯಾರೇ ಆದರೂ ಹ್ಯಾಂಗರಿಗೆ ಹಾಕಿದ ಶರ್ಟು ಎಂದುಕೊಳ್ಳುತ್ತಿದ್ದರು. ಆಮೇಲೆ ಸೆಕ್ರೆಟರಿ ಕಳಿಸಿದ್ದ ಅವರ ಫೋನಿನ ಫೋಟೋ ತೆರೆದೆ. ಅದು ಇನ್ನೂ ವಿಚಿತ್ರ. ಫೋನಿನ ಚುಕ್ಕಿಗಳು ಬಹಳ, ಆದರೆ ಒಂದೊಂದೂ ಎಷ್ಟು ಸಣ್ಣದೆಂದರೆ ಅದರೊಳಗೆ ಬೀಳುವ ಬೆಳಕು ಸಾಲದು. ಸಾಲದ ಕಡೆ ಫೋನು ತಾನೇ ಊಹಿಸಿ ನುಣ್ಣಗೆ ಬಳಿದುಬಿಡುತ್ತದೆ. ಆ ಕಿಟಕಿಯಲ್ಲಿ ಅದು ಒಂದು ಅಂದವಾದ ಬಿಳಿ ಪರದೆಯನ್ನು ನೇತುಹಾಕಿತ್ತು.

ಮೂರನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಮೆಗಾಪಿಕ್ಸೆಲ್ ಮುಖ್ಯವೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ನಾನು ಈಗ ಈ ಕಿಟಕಿಯ ಕಥೆ ಹೇಳುತ್ತೇನೆ. ಮೂರು ಕ್ಯಾಮೆರಾಗಳ ಮುಂದೆ ಅದೇ ಮನುಷ್ಯ, ಅದೇ ಬೆಳಕು, ಅದೇ ಬೆಳಿಗ್ಗೆ. ಒಂದರಲ್ಲಿ ಅವರು ಶರ್ಟು, ಒಂದರಲ್ಲಿ ಪರದೆ, ಒಂದರಲ್ಲಿ ಅಣ್ಣ.

ಮೊದಲು ಅಕ್ಕನನ್ನು ಮಾತ್ರ ಕರೆದೆ. ಅವರು ಕೈ ಒರೆಸಿಕೊಳ್ಳುತ್ತ ಬಂದು, ಕನ್ನಡಕ ಏರಿಸಿ ಲ್ಯಾಪ್‌ಟಾಪಿಗೆ ಬಾಗಿದರು. ಆಮೇಲೆ ತೆರೆಯ ಮೇಲೆ ಶರ್ಟನ್ನು ಬೆರಳಿನಿಂದ ಮುಟ್ಟಿದರು.

“ಈ ಅಂಗಿ ಕಪಾಟಿನಲ್ಲಿ ಎಲ್ಲದರ ಅಡಿಯಲ್ಲಿ ಇತ್ತು. ಮಗಳ ಮದುವೆಯದ್ದು. ನಾನು ತೆಗೆದುಕೊಟ್ಟದ್ದಲ್ಲ,” ಅಂದರು. “ಇಸ್ತ್ರಿ ಸಮೇತ ಮಾಡಿದ್ದಾರೆ, ನೋಡು. ನಾನು ಕೆಳಗೆ ಇಳಿದ ಮೇಲೆ ಹಾಕಿದ್ದು. ನಾನು ಮೇಲೆ ಹೋಗುವಾಗ ಬನಿಯನ್ನಿನಲ್ಲಿ ಕೂತು ಪೇಪರ್ ಓದ್ತಾ ಇದ್ರು.”

“ಅವರಿಗೆ ಹೇಳೋಣವೇ?”

“ನೀನು ಹೇಳು. ನಾನು ಹೇಳಿದ್ರೆ ಅಲ್ಲ ಅಂತಾರೆ.”

ಅಣ್ಣ ಸಂಜೆ ಬಂದರು. ಅಕ್ಕ ಏನು ಹೇಳಿ ಕಳಿಸಿದರೋ ಗೊತ್ತಿಲ್ಲ. ಬ್ಯಾಂಕಿನ ಕಾಗದವೇನೋ ನೋಡುವುದಿದೆ ಎಂದುಕೊಂಡವರಂತೆ ಕನ್ನಡಕ ಹಿಡಿದೇ ಬಂದಿದ್ದರು. ನಾನು ಸುತ್ತುಬಳಸದೆ ಕುರ್ಚಿ ಕೊಟ್ಟು ಕೂರಿಸಿ, ಚಿತ್ರ ತೋರಿಸಿದೆ. ಮೊದಲು ಪೂರ್ತಿ ಬಿಲ್ಡಿಂಗು. ಆಮೇಲೆ ನಿಧಾನವಾಗಿ ಎರಡನೇ ಮಹಡಿ. ಆಮೇಲೆ ಕಿಟಕಿ.

ಅವರ ಕಿವಿ ಕೆಂಪಾಯಿತು.

“ಅಷ್ಟು ದೂರದಿಂದ ಇದು ಹ್ಯಾಗೆ ಬಂತು?” ಅಂದರು. “ಒಂದು ಅಂದಾಜಿಗೂ ಕಾಣುದಿಲ್ಲ ಅಂತ ಗ್ರಹಿಸಿದ್ದೆ ನಾನು.”

“ನನ್ನ ಕ್ಯಾಮೆರಾದಲ್ಲಿ ಕಾಣಲ್ಲ ಅಣ್ಣಾ. ಇದು ತಮ್ಮನದು.”

“ಅವನಿಗೆ ಎಂತ ಕೆಲಸ ಇಲ್ವಾ, ಇಷ್ಟು ಕಾಣುವ ಕ್ಯಾಮೆರಾ ತಗೊಳ್ಳಿಕ್ಕೆ?”

ನನಗೆ ನಗು ಬಂತು. ಅವರು ನಗಲಿಲ್ಲ. ಮತ್ತೆ ತೆರೆಯತ್ತ ಬಾಗಿ ತಮ್ಮನ್ನೇ ನೋಡಿಕೊಂಡರು. ನಾನು ನೇರವಾಗಿ ಕೇಳಿದೆ. “ಕಮಿಟಿಯವರು ಕಿಟಕಿಗಳನ್ನೆಲ್ಲ ಕ್ಲೀನ್ ಮಾಡಿ ಅಂದಿದ್ದಾರೆ. ನೀವು ಬರಲ್ಲ ಅಂದಿದ್ರಿ. ಬೇಡ ಅಂದ್ರೆ ಇದನ್ನು ಈಗಲೇ ಒರೆಸ್ತೇನೆ, ಯಾರಿಗೂ ಗೊತ್ತಾಗಲ್ಲ. ಇರಲಿ ಅಂದ್ರೆ ಇರ್ತದೆ. ನಿಮ್ಮ ಮುಖ, ನೀವು ಹೇಳಿ.”

ಅಣ್ಣ ಕನ್ನಡಕ ತೆಗೆದು ಶರ್ಟಿನ ಅಂಚಿಗೆ ಒರೆಸಿದರು. ಮತ್ತೆ ಹಾಕಿಕೊಂಡರು.

“ಕೆಳಗೆ ಇಳೀಲಿಕ್ಕೆ ಮನಸ್ಸು ಬರ್ಲಿಲ್ಲ,” ಅಂದರು. “ಆದರೆ ಮನೆ ನಂದು ಅಲ್ವಾ? ಫೋಟೋ ತೆಗಿಯುವಾಗ ನನ್ನ ಕಿಟಕಿ ಖಾಲಿ ಇರುದು ಬೇಡ ಅಂತ ಅನ್ನಿಸ್ತು. ಅಷ್ಟೇ. ಮತ್ತೆಂತ ಇಲ್ಲ.”

“ಹಾಗಾದ್ರೆ?”

“ಇರ್ಲಿ. ಒರೆಸಬೇಡಿ.” ಎದ್ದು ಬಾಗಿಲವರೆಗೆ ಹೋದವರು ತಿರುಗಿ, “ಕಾಲರ್ ಒಂದು ಬದಿ ಮಡಚಿದೆ. ಅದು ಸರಿ ಮಾಡ್ಲಿಕ್ಕೆ ಆಗ್ತದಾ?” ಎಂದು ಕೇಳಿದರು.

“ಆಗ್ತದೆ ಅಣ್ಣಾ.”

ಕಾಲರ್ ಸರಿ ಮಾಡಿದೆ. ಬಟ್ಟೆಗಳನ್ನೂ ಬಿಟ್ಟುಬಿಟ್ಟೆ, ಒಂದು ಕಿಟಕಿ ಬಿಟ್ಟು ಉಳಿದದ್ದೆಲ್ಲ ಒರೆಸಿದರೆ ಅದು ಎದ್ದು ಕಾಣುತ್ತಿತ್ತು. ಆಗಲೇ ಒರೆಸಿದ್ದ ಟವೆಲ್ಲು, ಚಾಪೆಗಳನ್ನೂ ವಾಪಸು ತಂದೆ. ಸೆಕ್ರೆಟರಿಗೆ ಒಂದೇ ಸಾಲು ಬರೆದೆ: ಕಿಟಕಿಗಳು ಇದ್ದ ಹಾಗೇ ಇರುತ್ತವೆ, ಕಾರಣ ಪ್ರಿಂಟ್ ಬಂದ ಮೇಲೆ ಹೇಳುತ್ತೇನೆ. ಅವರು ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿದರು.

ಪ್ರಿಂಟ್ ನನ್ನ ಆಫೀಸಿನ ಹತ್ತಿರದ ಒಂದು ಪ್ರೆಸ್ಸಿನಲ್ಲಿ ಹಾಕಿಸಿದೆ. ತುರ್ಭೆಯಿಂದ ಡೊಂಬಿವಲಿಗೆ ಲೋಕಲ್ಲಿನಲ್ಲಿ ಆರಡಿಯ ಸುರುಳಿ ತರುವ ಕಷ್ಟವನ್ನು ವರ್ಣಿಸುವುದಿಲ್ಲ. ಠಾಣೆಯಲ್ಲಿ ಹೆಂಗಸರ ಡಬ್ಬಿಯ ಅರ್ಧ ಜನ ಅದನ್ನು ತಲೆಯ ಮೇಲಿನಿಂದ ದಾಟಿಸಿದರು.

ಮನೆ ಖಾಲಿ ಮಾಡುವ ಮುಂಚಿನ ಭಾನುವಾರ ಅಂಗಳದಲ್ಲಿ ಎಲ್ಲರಿಗೂ ಊಟ. ಫ್ರೇಮು ಹಾಕಿಸಿದ ಫೋಟೋವನ್ನು ಗೋಡೆಗೆ ಒರಗಿಸಿ ಇಟ್ಟೆವು. ನಾನು ಅಂದುಕೊಂಡ ಹಾಗೆಯೇ ಆಯಿತು. ದೂರ ನಿಂತು ನೋಡಿದವರು ಯಾರೂ ಇಲ್ಲ. ಎಲ್ಲರೂ ಮೂಗು ಗಾಜಿಗೆ ಹಚ್ಚಿ, ಉಸಿರಿನಿಂದ ಮಂಜಾದಾಗ ತೋಳಿನಿಂದ ಒರೆಸಿ, ತಮ್ಮನ್ನು ಹುಡುಕಿಕೊಂಡರು. ತಮ್ಮನ್ನು ಕಂಡ ಮೇಲೆ ಮಕ್ಕಳನ್ನು, ಮಕ್ಕಳಾದ ಮೇಲೆ ಮನೆಯನ್ನು. ತಮ್ಮ ತಮ್ಮ ಕಿಟಕಿಗಳನ್ನು ಬೆರಳಿಟ್ಟು ತೋರಿಸತೊಡಗಿದರು. ಅಯ್ಯೋ ನನ್ನ ನೈಟಿ ಎಂದು ಮೂರನೇ ಮಹಡಿಯವರು ಕೂಗಿದಾಗ ಎಲ್ಲರೂ ನಕ್ಕರು.

ಆಗ ಸೆಕ್ರೆಟರಿಯ ಹೆಂಡತಿ ತಟ್ಟನೆ ಹೇಳಿದರು, “ಅಗ ಬಾಯಿ! ಇವರು ಅಣ್ಣಾ ಅಲ್ಲವೇ?”

ಗುಂಪು ಒತ್ತಿತು. ಒಬ್ಬರಾದ ಮೇಲೆ ಒಬ್ಬರು ಬಾಗಿ ನೋಡಿದರು. ಸೆಕ್ರೆಟರಿಯೂ ನೋಡಿದರು. ಅವರು ಬಹಳ ಹೊತ್ತು ಬಾಗಿಯೇ ಇದ್ದರು, ಆಮೇಲೆ ನನ್ನ ಕಡೆ ತಿರುಗಿ, “ಕಾರಣ ಇದೇನಾ?” ಎಂದು ಕೇಳಿದರು. ಹೌದು ಅಂದೆ.

ಅವರು ತಟ್ಟೆ ಕೆಳಗಿಟ್ಟು ಕೈ ತೊಳೆದು ಮೆಟ್ಟಿಲು ಹತ್ತಿದರು. ಮೇಲೆ ಏನು ಮಾತಾಯಿತೋ ನಾನು ಕೇಳಿಸಿಕೊಂಡಿಲ್ಲ. ಅಕ್ಕ ಆಮೇಲೆ ಹೇಳಿದ್ದು ಇಷ್ಟು: ಅವರು ಬಾಗಿಲಲ್ಲೇ ನಿಂತು, “ಅವತ್ತು ಮೈಕು ನನ್ನ ಕೈಯಲ್ಲಿತ್ತು, ನಾನು ಮಾತಾಡಬೇಕಿತ್ತು” ಅಂದರಂತೆ. ಅಣ್ಣ, “ಊಟ ಆಯ್ತಾ ನಿಮ್ಮದು?” ಎಂದು ಕೇಳಿದರಂತೆ. ಇಬ್ಬರೂ ಒಟ್ಟಿಗೆ ಇಳಿದು ಬಂದರು. ಅಣ್ಣ ಬನಿಯನ್ನಿನ ಮೇಲೆ ಟವೆಲ್ ಹೊದ್ದೇ ಬಂದು ಪಂಕ್ತಿಯಲ್ಲಿ ಕೂತರು, ಮತ್ತು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಅಡಿಗೆಯವರಿಗೆ ಜೋರಾಗಿಯೇ ಹೇಳಿದರು. ಅವರು ಕೇಳಿದ್ದ ಕೆಳಗಿನ ಮಹಡಿಯ ಮಾತನ್ನು ಕಮಿಟಿ ಮತ್ತೆ ಬಿಲ್ಡರ ಮುಂದೆ ಇಟ್ಟಿತು. ಮೊದಲ ಮಹಡಿಗೆ ಒಪ್ಪಿಗೆಯಾಗಿದೆ. ಅದಕ್ಕಿಂತ ಕೆಳಗೆ ಬರೀ ಪಾರ್ಕಿಂಗು.

ಈಗ ನಾವೆಲ್ಲ ಚದುರಿದ್ದೇವೆ. ನಾವು ಕಲ್ಯಾಣದಲ್ಲಿ ಬಾಡಿಗೆಗೆ, ಸೆಕ್ರೆಟರಿ ಠಾಣೆಯಲ್ಲಿ ಮಗನ ಹತ್ತಿರ, ಅಣ್ಣ ಮತ್ತು ಅಕ್ಕ ಕೋಪರಖೈರಣೆಯಲ್ಲಿ ಮಗಳ ಮನೆಯ ಪಕ್ಕದ ಒಂದು ಕೋಣೆಯಲ್ಲಿ. ಹಳೆಯ ಬಿಲ್ಡಿಂಗಿನ ಜಾಗದಲ್ಲಿ ದೊಡ್ಡ ಹೊಂಡವಿದೆ, ಸುತ್ತ ತಗಡು. ದೊಡ್ಡ ಫೋಟೋ ಸದ್ಯಕ್ಕೆ ನಮ್ಮ ಮಂಚದ ಹಿಂದೆ ಹಾಳೆ ಸುತ್ತಿಕೊಂಡು ನಿಂತಿದೆ.

ತಮ್ಮ ತನ್ನ ಕ್ಯಾಮೆರಾ ನನಗೇ ಕೊಡಲು ಬಂದ. ಅವನಿಗೆ ಅರವತ್ತರದ್ದು ಬೇಕಾಗಿತ್ತು. ನಾನು ಎರಡು ದಿನ ಇಟ್ಟುಕೊಂಡು ವಾಪಸು ಕೊಟ್ಟೆ. ಫೈಲುಗಳು ಭಾರ, ನನ್ನ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ, ಮತ್ತು ನನ್ನ ದಿನನಿತ್ಯದ ಫೋಟೋಗಳಿಗೆ ಅಷ್ಟು ಬೇಕಾಗಿಲ್ಲ. ಯಾವಾಗ ಬೇಕಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಬಹಳ ದೊಡ್ಡದನ್ನು ಬಹಳ ಹತ್ತಿರದಿಂದ ನೋಡುವುದಿದ್ದಾಗ, ಅಥವಾ ಎಲ್ಲಿ ಏನಿರಬಹುದೆಂದು ನನಗೇ ಗೊತ್ತಿಲ್ಲದಾಗ. ಅಂಥ ದಿನ ಬಂದರೆ ನೆರೂಳಕ್ಕೆ ಹೋಗಿ ತಂದರಾಯಿತು. ಅವನು ಮಾರದೆ ಇಟ್ಟುಕೊಂಡಿದ್ದಾನೆ. ‘ನಮ್ಮ ಅಕ್ಕ ಮತ್ತೆ ಕೇಳ್ತಾಳ’ ಎಂದು ತನ್ನ ಹೆಂಡತಿಗೆ ಹೇಳಿದ್ದಾನಂತೆ.

ಹೋದ ತಿಂಗಳು ಆಫೀಸಿನಿಂದ ಬರುವಾಗ ಕೋಪರಖೈರಣೆಯಲ್ಲಿ ಇಳಿದು ಎರಡನೇ ಮಹಡಿಯ ಅಣ್ಣನ ಮನೆಗೆ ಹೋಗಿದ್ದೆ. ನಾನು ಕೊಟ್ಟ ಸಣ್ಣ ಪ್ರತಿ ಟಿವಿಯ ಮೇಲೆ ಗೋಡೆಯಲ್ಲಿತ್ತು. ಅವರ ಮಗಳ ಅತ್ತೆ ಬಂದಿದ್ದರು. ಅಣ್ಣ ಅವರಿಗೆ ಕಾಫಿ ಕೊಟ್ಟು, ಫೋಟೋದ ಮುಂದೆ ನಿಲ್ಲಿಸಿ, ಕೈಗೆ ಒಂದು ಭೂತಗನ್ನಡಿ ಕೊಟ್ಟರು.

“ಇದರಲ್ಲಿ ನಾನು ಎಲ್ಲಿದ್ದೇನೆ, ಹುಡುಕಿ ನೋಡುವ,” ಅಂದರು.

ಆಕೆ ಅಕ್ಕನ ಪಕ್ಕದ ಖಾಲಿ ಕುರ್ಚಿಯಿಂದ ಹುಡುಕಲು ಶುರುಮಾಡಿದರು. ಅಣ್ಣ ಕೈ ಹಿಂದೆ ಕಟ್ಟಿ ನಿಂತು, “ಅಲ್ಲ, ಅಲ್ಲ, ಇನ್ನೂ ಮೇಲೆ,” ಎನ್ನುತ್ತಿದ್ದರು. ಅಕ್ಕ ಒಳಗಿನಿಂದ ನನಗೆ ಬಸಳೆ ಸಾಂಬಾರಿನ ಡಬ್ಬಿ ತುಂಬಿಸಿ ತಂದು, ಗಾಡಿ ಹತ್ತುವಾಗ ಅಡ್ಡ ಹಿಡಿಯಬೇಡ, ಚೆಲ್ಲುತ್ತದೆ ಎಂದು ಹೇಳಿ ಕಳಿಸಿದರು.